ತಪ್ಪಾದರೆ ಹೇಳ್ರಿ ಎನ್ನುತ್ತಿದ್ದವರು

ಆಪಾ ತೀರಿಕೊಂಡ ಮರುದಿನ ಹಾವೇರಿಯ ಪತ್ರಿಕೆಯೊಂದರಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬಂತು. ‘ರಾಕೆಟ್ ಹಾರಿಸಿದ ಬ್ಯಾಡಗಿಯ ಮಗಳು ಇನ್ನಿಲ್ಲ’ ಎಂದು ಹೆಡ್ಡಿಂಗ್. ಆಪಾ ಒಂದು ಪಟಾಕಿಯನ್ನೂ ಹಾರಿಸಿದವರಲ್ಲ. ದೀಪಾವಳಿಯಲ್ಲಿ ಓಣಿಯ ಮಕ್ಕಳು ಸರಪಟಾಕಿ ಹಚ್ಚಿದರೆ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಬದುಕಿದ್ದರೆ ಬಸ್ಸು ಹತ್ತಿ ಹಾವೇರಿಗೆ ಹೋಗಿ, ಆ ಆಫೀಸಿನಲ್ಲಿ ಕುಳಿತು, ‘ತಮ್ಮಾ, ಇದು ತಪ್ಪೈತಿ, ತಿದ್ದು’ ಎನ್ನುತ್ತಿದ್ದರು.

ತಪ್ಪು ಅದನ್ನು ಬರೆದ ಹುಡುಗನದಲ್ಲ. ವರದಿಗಾರ ನನಗೇ ಫೋನ್ ಮಾಡಿದ್ದ. ‘ಮೇಡಂ, ನೀವು ಅವರ ಕ್ಲೋಸ್ ಫ್ರೆಂಡ್ ಅಂತಲ್ರಿ, ಅವರು ರಾಕೆಟ್‌ನಾಗ ಇದ್ರು ಹೌದಲ್ರಿ?’ ಎಂದ. ಮಣ್ಣಿಗೆ ಹೋದವರು ಆಗಷ್ಟೇ ಮರಳಿದ್ದರು, ಅವರ ಮನೆಯ ಹೆಣ್ಣುಮಕ್ಕಳು ಅಳುತ್ತಿದ್ದರು. ‘ಹೌದಪ್ಪಾ, ಅಂಥಾದ್ದ ಏನೋ’ ಎಂದು ಫೋನ್ ಇಟ್ಟೆ. ಇಡೀ ಓಣಿಯಲ್ಲಿ ಅವರ ಕೆಲಸ ಏನೆಂದು ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ. ನಾನೇ ಹಾಗೆಂದೆ. ಈ ಬರಹವನ್ನು ಒಂದು ತಿದ್ದುಪಡಿ ಎಂದು ಓದಿಕೊಳ್ಳಬೇಕು.

ಅವರು ನಮ್ಮ ಎದುರು ಮನೆಯವರು. ತಂದೆ ಬ್ಯಾಡಗಿ ಪೇಟೆಯಲ್ಲಿ ಹಗ್ಗ, ತಾಡಪತ್ರಿ ಮಾರುತ್ತಿದ್ದರು. ಮಗಳು ಫಿಸಿಕ್ಸ್ ಓದಿ, ಉಪಗ್ರಹ ಕಳಿಸುವ ಚಿತ್ರಗಳನ್ನು ನೆಲದ ಮೇಲೆ ಇಳಿಸಿಕೊಳ್ಳುವ ಕೇಂದ್ರವೊಂದರಲ್ಲಿ ನೌಕರಿ ಹಿಡಿದು ಊರು ಬಿಟ್ಟರು. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ತಮ್ಮನ ಮನೆಯ ಮಹಡಿ ಕೋಣೆಗೆ ಬಂದು ಸೇರಿದರು. ತಮ್ಮ ಅವರನ್ನು ‘ಆಪಾ’ ಎನ್ನುತ್ತಿದ್ದ, ಅಂದರೆ ಅಕ್ಕ; ಅದನ್ನೇ ಓಣಿಯವರೆಲ್ಲ ಹಿಡಿದುಕೊಂಡೆವು. ನಾನು ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು, ಹಾವೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಓಣಿಯಲ್ಲಿ ಇಂಗ್ಲಿಷ್ ಪೇಪರ್ ಓದುತ್ತಿದ್ದವರು ನಾವಿಬ್ಬರೇ. ಅವರು ಮೊದಲು ಓದಿ ನನ್ನ ಪೇಪರಿನ ತಪ್ಪು ಕಾಗುಣಿತಗಳಿಗೆಲ್ಲ ಗೆರೆ ಹಾಕಿ ಕೊಡುತ್ತಿದ್ದರು. ಇದು ನನಗೆ ಸೇರುತ್ತಿರಲಿಲ್ಲ. ಇಂಗ್ಲಿಷ್ ಟೀಚರ್ ನಾನೋ ಅವರೋ?

ತೆಳ್ಳಗಿನ ಹೆಂಗಸು. ಮಾಸಲು ಬಣ್ಣದ ಕಾಟನ್ ಸೀರೆ, ತಲೆಯ ಮೇಲೆ ಸೆರಗು, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು. ಮಾತಾಡುವಾಗ ಎರಡೂ ಅಂಗೈಗಳನ್ನು ಕೆಳಮುಖ ಮಾಡಿ, ಮೇಜಿನ ಮೇಲೆ ಹಾಳೆಯನ್ನು ಸವರಿ ಸರಿಪಡಿಸುವಂತೆ ಗಾಳಿಯನ್ನು ಸವರುತ್ತಿದ್ದರು. ಹಗಲೆಲ್ಲ ಮೋಡದ ಮಾತೇ ಆದರೂ ತಲೆಯೆತ್ತಿ ಆಕಾಶ ನೋಡಿದ್ದನ್ನು ನಾನು ಕಾಣೆ. ಒಮ್ಮೆ ಕೇಳಿದೆ. ‘ನಾ ಆಯುಷ್ಯಪೂರ್ತಿ ಮ್ಯಾಲಿಂದ ನೋಡಿದಾಕಿ ಟೀಚರ್. ಕೆಳಗಿಂದ ನೋಡಿದ್ರ ನನಗ ಗುರುತ ಹತ್ತಂಗಿಲ್ಲ’ ಎಂದರು. ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ.

ನಮ್ಮ ಓಣಿಯ ತುದಿಯ ಮನೆ ನೀಲವ್ವನದು. ಗಂಡನಿಲ್ಲ. ಹಿರಿಯ ಸೊಸೆಯನ್ನು ಕಟ್ಟಿಕೊಂಡು ಮೆಣಸಿನಕಾಯಿ ಬೆಳೆಯುತ್ತಾಳೆ. ಊರಂಚಿಗೆ ಒಣಗಿಸುವ ಕಣವಿದೆ. ಕಿರಿಯ ಮಗ ಸೈನ್ಯದಲ್ಲಿ, ಎಲ್ಲೋ ಎತ್ತರದ ಗುಡ್ಡಗಳಲ್ಲಿ. ಆಪಾ ಬಂದ ಹೊಸತರಲ್ಲಿ ಮೊದಲು ಪ್ರಶ್ನೆ ಹಿಡಿದು ಬಂದವಳು ಅವಳೇ.

‘ಉಪಗ್ರಹ ಒಂದ ಕಡೆ ನಿಂತಿರ್ತೈತಿ ಅಂತೀರಿ. ಬೀಳಂಗಿಲ್ಲೇನ್ರಿ ಆಪಾ?’

‘ಕಣದಾಗ ಹಂತಿ ಹೊಡಿಯೂದು ನೋಡೀಯಲ್ಲ ನೀಲವ್ವಾ. ನಡುವ ಮೇಟಿ ಕಂಬ, ಅದಕ್ಕ ಸಾಲಾಗಿ ಎತ್ತು. ಒಳಗಿನ ಎತ್ತು ಸಾವಕಾಶ ಹೆಜ್ಜಿ ಹಾಕ್ತದ. ಹೊರಗಿಂದು ಓಡೋಡಿ ಹೋಗ್ತದ. ಸಾಲು ಮುರೀತದೇನು?’

‘ಇಲ್ರಿ.’

‘ಭೂಮಿ ಒಳಗಿನ ಎತ್ತು. ನಮ್ದು ಎಲ್ಲಾರಕಿಂತ ಹೊರಗಿಂದು, ಓಡ್ತಿರೂದಕ್ಕ ಬೀಳಂಗಿಲ್ಲ. ಭೂಮಿ ತಿರುಗಿದಂಗ ತಾನೂ ತಿರುಗ್ತದ. ಅದಕ್ಕ ನಮಗ ನಿಂತಂಗ ಅನಸ್ತದ.’

ನೀಲವ್ವ, ‘ಹಂಗಾರ ನಮ್ಮ ಹುಡುಗ ಇರೂ ಗುಡ್ಡಾನೂ ಅದಕ್ಕ ಕಾಣ್ತೈತಿ. ಅಂವಾ ಹೊಟ್ಟಿ ತುಂಬ ಉಂಡಾನೋ ಇಲ್ಲೋ ನೋಡಿ ಹೇಳ್ರಿ’ ಎಂದಳು.

ಆಪಾ ಫೋನು ತೆಗೆದು ಚಿತ್ರ ತೋರಿಸಿದರು. ಬೂದುಬಣ್ಣದ ದೇಶ, ಮೇಲೆ ಹಿಂಜಿದ ಅರಳೆಯಂತೆ ಬಿಳಿ. ‘ಇದರಾಗ ಒಂದು ಚುಕ್ಕಿ ಅಂದ್ರ ನಮ್ಮ ಮೆಣಸಿನಕಾಯಿ ಪ್ಯಾಟಿ ಅಷ್ಟೂ ಬಂತು. ಮಂದಿ ಕಾಣಂಗಿಲ್ಲವ್ವ.’

‘ಮಂದಿ ಕಾಣಲಾರದ್ದಕ್ಕ ಅಷ್ಟ ಎತ್ತರ ಯಾಕ ಇಟ್ಟಾರ್ರಿ?’

‘ಕೆಳಗ ಹಾರೂವು ಬ್ಯಾರೆ ಅದಾವು. ಅವು ಕಾಯಿಪಲ್ಯದ ಗಾಡಿ ಇದ್ದಂಗ. ಓಣ್ಯಾಗ ಬಂದು, ನಿನ್ನ ಸೀರಿ ಅಂಚಿನ ತನಕ ನೋಡಿ ಹೊಕ್ಕಾವು. ಮತ್ತ ಯಾವಾಗ ಬರ್ತಾವೋ. ನಮ್ದು ಕಟ್ಟಿ ಮ್ಯಾಲೆ ಕುಂತ ಮುದುಕಿ. ಕಣ್ಣು ಮಂಜು, ಖರೇ. ಆದ್ರ ಎದ್ದು ಹೋಗಂಗಿಲ್ಲ. ಮೋಡ ಎಲ್ಲಿಂದ ಹೊಂಟಿತು, ಎಲ್ಲಿಗೆ ಬಂತು, ಯಾರ ಮನಿ ಹೊಕ್ಕಿತು, ಎಲ್ಲಾ ಆಕಿಗೆ ಗೊತ್ತು.’

ನೀಲವ್ವ ಕಟ್ಟೆಯ ಮೇಲೆ ಕೂತಿದ್ದ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ‘ನಿಮ್ಮಿಬ್ಬರಂಗ ಅನ್ರಿ’ ಎಂದಳು.

ಅಂದಿನಿಂದ ಓಣಿಗೆ ಆಪಾ ಬೇಕಾದವರಾದರು. ಚಳಿಗಾಲದ ಕೊನೆಗೆ ನಮ್ಮಲ್ಲಿ ಮೆಣಸಿನಕಾಯಿ ಕಣಕ್ಕೆ ಬರುತ್ತದೆ. ಸಂಜೆ ಗುಡ್ಡೆ ಹಾಕಿ ತಾಡಪತ್ರಿ ಹೊದಿಸುವುದು, ಬೆಳಿಗ್ಗೆ ತೆಗೆದು ಹರವುವುದು. ಒಣಗಿದ ಕಾಯಿಗೆ ಒಂದು ಸಣ್ಣ ಮಳೆ ಬಿದ್ದರೂ ಕೆಂಪು ಬಿಟ್ಟು ಬಿಳಿಚಿಕೊಳ್ಳುತ್ತದೆ, ಒಳಗೆ ಬೂಸು ಹಿಡಿಯುತ್ತದೆ. ಹಾಗಾಗಿ ಬೆಳಗಾದರೆ ನಾಲ್ಕೈದು ಮನೆಯವರು ಆಪಾನ ಬಾಗಿಲಿಗೆ ಬರುವರು: ಹರವೋಣೋ ಬ್ಯಾಡೋ?

ಅವರದೊಂದು ನಿಯಮವಿತ್ತು. ಬಿಸಿಲು ಬಿದ್ದ ಮೇಲಿನ ಮೊದಲ ಚಿತ್ರ ಬರುವ ತನಕ ಬಾಯಿ ಬಿಡುತ್ತಿರಲಿಲ್ಲ. ಕತ್ತಲಲ್ಲಿ ಉಪಗ್ರಹಕ್ಕೆ ಬೆಳಕಿಲ್ಲ, ಅದು ಶಾಖ ಅಳೆದು ಚಿತ್ರ ಮಾಡುತ್ತದೆ. ಎತ್ತರದ ಮೋಡ ತಣ್ಣಗಿರುವುದರಿಂದ ಬೆಳ್ಳಗೆ ಕಾಣುತ್ತದೆ. ನೆಲಕ್ಕಂಟಿದ ಮೋಡ ನೆಲದಷ್ಟೇ ಬೆಚ್ಚಗಿದ್ದರೆ ಆ ಚಿತ್ರದಲ್ಲಿ ಅದೂ ನೆಲವೇ. ಹಗಲು ಬೆಳಕಿನ ಚಿತ್ರ ಬಂದರೇನೇ ಅದು ಬಯಲಾಗುವುದು. ಇದನ್ನು ನನಗೆ ಅವರು ಎಷ್ಟೋ ಸಲ ಹೇಳಿದ್ದರು, ಪ್ರತಿ ಸಲವೂ ಮೊದಲ ಸಲ ಹೇಳಿದಂತೆ.

ಇನ್ನೊಂದು ಅಭ್ಯಾಸವಿತ್ತು. ಸಂಜೆ ಅದೇ ಮನೆಗಳಿಗೆ ತಾವೇ ಹೋಗಿ, ಹೊಸ್ತಿಲ ಹೊರಗೆ ನಿಂತು ಕೇಳುವರು: ‘ಬೆಳಿಗ್ಗೆ ನಾ ಹೇಳಿದ್ದು ಖರೇ ಆತೇನು? ತಪ್ಪಾದ್ರ ಹೇಳ್ರಿ ಮತ್ತ.’

ತಪ್ಪಾಗಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ಕಡೆ ಹಿರಿಯರಿಗೆ, ಅದೂ ಉಪಕಾರ ಮಾಡಿದ ಹಿರಿಯರಿಗೆ, ಮಾರಿ ಮೇಲೆ ಹಾಗೆನ್ನುವ ಪದ್ಧತಿ ಇಲ್ಲ. ನಾಲ್ಕು ಹನಿ ಬಿದ್ದಿದ್ದರೂ ‘ಖರೇ ಆತ್ರಿ ಆಪಾ, ಬರ್ರಿ, ಚಾ ಕುಡೀರಿ’ ಎನ್ನುವರು. ಒಮ್ಮೆ ರಾಣೇಬೆನ್ನೂರು ಒಣಗಿರುತ್ತದೆ ಎಂದಿದ್ದರು. ನಾನು ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೊಡೆಯಿಲ್ಲದೆ ತೊಯ್ದು ಬಂದೆ. ಸಂಜೆ ಅವರು ಬಾಗಿಲು ತಟ್ಟಿದಾಗ ಹಸಿ ಸೀರೆಯನ್ನು ಬಚ್ಚಲಿಗೆ ಒಗೆದು, ಬೇರೆ ಉಟ್ಟು, ಕದ ತೆಗೆದು, ‘ಲವ್ಲಿ ವೆದರ್ ಆಪಾ’ ಎಂದೆ. ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್. ಅವರು ನನ್ನ ಒದ್ದೆ ಕೂದಲು ನೋಡಿ, ಮುಂದಿನ ಮನೆಗೆ ಹೋದರು. ಈ ಸಂಜೆಯ ತಿರುಗಾಟವನ್ನು ನಾನು ಹೊಗಳಿಕೆಯ ಹಸಿವು ಎಂದೇ ತಿಳಿದಿದ್ದೆ. ವ್ಯಾನಿಟಿ ಎಂದು ಮನಸ್ಸಿನಲ್ಲಿ ಹೆಸರನ್ನೂ ಇಟ್ಟಿದ್ದೆ.

ಅದು ಹಾಗಲ್ಲ ಎಂದು ತಿಳಿಯಲು ನನಗೆ ಒಂದು ಅವಕಾಶ ಸಿಕ್ಕಿತ್ತು. ನನ್ನ ಕಣ್ಣಿನ ಪೊರೆ ತೆಗೆಸಲು ರಾಣೇಬೆನ್ನೂರಿಗೆ ಅವರೇ ಕರೆದುಕೊಂಡು ಹೋಗಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತ, ನಿಮ್ಮ ಆಫೀಸಿನಲ್ಲಿ ಆ ಚಿತ್ರಗಳೆಲ್ಲ ಯಾರಿಗೆ ಹೋಗುತ್ತಿದ್ದವು ಎಂದು ಕೇಳಿದೆ.

‘ಚಿತ್ರ ಒಂದ ಟೀಚರ್, ಟೇಬಲ್ ಎರಡು’ ಎಂದು ಗಾಳಿಯನ್ನು ಸವರಿದರು. ‘ಒಂದು ಟೇಬಲ್ದಿಂದ ರೇಡಿಯೋಕ್ಕ, ಮೀನುಗಾರರಿಗೆ, ಹೊಳಿಗೆ ನೆರಿ ಬಂದ್ರ ನೋಡ್ಕೊಳ್ಳೋರಿಗೆ ಹೋಗೂದು. ಕಾಡಿಗೆ ಬೆಂಕಿ ಬಿದ್ರ ಹೊಗಿ ಕಾಣೂದು, ಅದೂ ಹೇಳ್ತಿದ್ವಿ. ಇನ್ನೊಂದು ಟೇಬಲ್‌ಗೆ ಮಿಲಿಟರಿ ಕಡಿಂದ ಪ್ರಶ್ನೆ ಬರೂದು. ಹೆಸರಿಲ್ಲ, ಊರಿಲ್ಲ. ಅಕ್ಷಾಂಶ, ರೇಖಾಂಶ, ಒಂದು ಹೊತ್ತು. ಕ್ಲಿಯರ್ ಐತೋ ಇಲ್ಲೋ, ಅಷ್ಟ ಹೇಳಬೇಕು. ಈಗ ಗಡಿ ಮ್ಯಾಲ ದಿಟ್ಟಿಸಿ ಕುಂಡ್ರೂ ಚುರುಕ ಕಣ್ಣಿನವು ಬಂದಾವು ಅಂತಾರ. ನಮ್ಮ ಕಾಲಕ್ಕ ಮೋಡ ಅಷ್ಟ.’

‘ಹೌ ಎಕ್ಸೈಟಿಂಗ್’ ಎಂದೆ ನಾನು.

‘ಮೊದಲನೇ ಟೇಬಲ್‌ನೋರು ತಪ್ಪಾದ್ರ ಬೈದು ಕಾಗದ ಬರೀತಿದ್ರು. ಮೀನುಗಾರರ ಬೈಗುಳಾ ನೀವು ಕೇಳಿಲ್ಲ’ ಎಂದು ಅಷ್ಟು ಹೊತ್ತಿಗೆ ಒಂದು ಸಲ ನಕ್ಕರು. ‘ಎರಡನೇದರಿಂದ ಏನೂ ಬರ್ತಿದ್ದಿಲ್ಲ. ಖರೇ ಆದ್ರೂ ಇಲ್ಲ, ತಪ್ಪಾದ್ರೂ ಇಲ್ಲ.’

ನರ್ಸ್ ನನ್ನ ಹೆಸರು ಕೂಗಿದಳು. ನಾನೆದ್ದು ಹೋದೆ.

ಇನ್ನು ಹೇಳಬೇಕಾದದ್ದು ಅವರು ನಿಯಮ ಮುರಿದ ಬೆಳಗಿನ ಮಾತು. ನೀಲವ್ವನ ಕಾಯಿಗೆ ಇನ್ನೊಂದು ಬಿಸಿಲು ಬಿದ್ದರೆ ಪೇಟೆಗೆ ಹೋಗುವಂತಿತ್ತು. ಕೂಲಿಯ ಹೆಣ್ಣಾಳುಗಳನ್ನು ಮೋಟೆಬೆನ್ನೂರಿನ ಹೊಲವೊಂದಕ್ಕೆ ಒಯ್ಯಲು ನಮ್ಮೂರಿನ ಗುಡ್ಡಪ್ಪ ತನ್ನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಇನ್ನೂ ಬೆಳಕು ಹರಿದಿರಲಿಲ್ಲ. ಹೋಗುವ ದಾರಿಯಲ್ಲಿ ಆಳುಗಳು ನೀಲವ್ವನ ಕಣದಲ್ಲಿ ಕಾಯಿ ಹರವಿ ಹೋಗುತ್ತೇವೆ ಎಂದಿದ್ದರು. ಹರವಿದರೆ ಮತ್ತೆ ಬಳಿದು ಗುಡ್ಡೆ ಹಾಕಲು ಕಣದಲ್ಲಿ ಉಳಿಯುವವರು ಅತ್ತೆ ಸೊಸೆ ಇಬ್ಬರೇ. ಆದ್ದರಿಂದ ಕೇಳಿಯೇ ಹರವಬೇಕು ಎಂದು ನೀಲವ್ವ ಟ್ರ್ಯಾಕ್ಟರನ್ನು ನಮ್ಮ ಓಣಿಗೇ ತಿರುಗಿಸಿದ್ದಳು. ಆಪಾ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದರು. ಪಕ್ಕದಲ್ಲಿ ನಾನು.

‘ಬೆಳಕಾಗಲಿ, ತಡೀರಿ’ ಎಂದರು ಆಪಾ.

‘ಬೆಳಕಾದ ಮ್ಯಾಲೆ ಮೋಡ ನಮಗೂ ಕಾಣ್ತೈತ್ರಿ’ ಎಂದ ಗುಡ್ಡಪ್ಪ. ‘ನಿಮ್ಮ ಉಪಗ್ರಹ ಇನ್ನ ಮಾರಿ ತೊಳಕೊಂಡಿಲ್ಲೇನು? ಚಾ ಗೀ ಕಳಸೂನೇನು ಅದಕ್ಕ?’

ಟ್ರಾಲಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆಪಾನೂ ನಕ್ಕರು. ಅಷ್ಟು ಜನ ತಮ್ಮ ಮಾತಿಗೆ ಕಾಯುತ್ತಿದ್ದದ್ದು, ಅವರ ನಡುವೆ ಹೀಗೆ ಕಾಡಿಸಿಕೊಳ್ಳುವಷ್ಟು ಬಳಕೆಯವರಾಗಿದ್ದದ್ದು ಅವರಿಗೆ ಹಿತವೆನಿಸಿತ್ತು. ಮುಖದಲ್ಲೇ ಕಂಡಿತು. ‘ಆಪಾ, ಲಗೂ ಹೇಳ್ರಿ, ಆಳು ಹೊಂಟು ಹೊಕ್ಕಾವು’ ಎಂದಳು ನೀಲವ್ವ. ಆಪಾ ಪರದೆಯ ಮೇಲೆ ಬೆರಳಾಡಿಸಿದರು. ಶಾಖದ ಚಿತ್ರದಲ್ಲಿ ಧಾರವಾಡದಿಂದ ದಾವಣಗೆರೆಯ ತನಕ ಒಂದೇ ಬೂದು.

‘ಹರವ್ರಿ. ಕ್ಲಿಯರ್ ಅದ’ ಎಂದರು.

ಟ್ರ್ಯಾಕ್ಟರ್ ಹೋಯಿತು. ನಾವು ಇನ್ನೊಂದು ಕಪ್ಪು ಚಹಾ ಮಾಡಿಕೊಂಡೆವು. ಮೊದಲ ಬೆಳಕಿನ ಚಿತ್ರ ಫೋನಿಗೆ ಬಂದಾಗ ಅವರು ಕಪ್ಪನ್ನು ಕೆಳಗಿಟ್ಟ ಸದ್ದಿಗೆ ನಾನು ತಿರುಗಿ ನೋಡಿದೆ. ತುಂಗಭದ್ರೆಯ ಗುಂಟ, ಕುಮಾರಪಟ್ಟಣದಿಂದ ಈಚೆಗೆ, ಒಂದು ಬಿಳಿ ಹಾಳೆ ನಮ್ಮ ತಾಲೂಕಿನ ಮೇಲೆ ಮಲಗಿತ್ತು. ನಾನು ತಲೆಯೆತ್ತಿದರೆ ನಮ್ಮ ಓಣಿಯ ಮೇಲೂ ಅದೇ. ಆಪಾ ಬೂಟು ಹಾಕಿಕೊಳ್ಳದೆ ಕಣದ ಕಡೆ ಓಡಿದರು. ನಾನು ಮುಟ್ಟುವಷ್ಟರಲ್ಲಿ ತುಂತುರು ಹತ್ತಿತ್ತು. ಜೋರು ಮಳೆಯಲ್ಲ, ಸದ್ದೂ ಇರಲಿಲ್ಲ. ನೀಲವ್ವ, ಅವಳ ಸೊಸೆ, ಆಪಾ ಮೂವರೂ ಬಗ್ಗಿ ಎರಡೂ ಕೈಯಲ್ಲಿ ಕಾಯಿ ಬಳಿಯುತ್ತಿದ್ದರು. ನಾನು ತಾಡಪತ್ರಿಯ ಒಂದು ತುದಿ ಹಿಡಿದುಕೊಂಡು ನಿಂತಿದ್ದೆ. ಕಣ ದೊಡ್ಡದು. ಮಧ್ಯಾಹ್ನದ ತನಕ ಅದು ನಿಲ್ಲಲಿಲ್ಲ.

ಸಂಜೆ ಆಪಾ ನೀಲವ್ವನ ಮನೆಗೆ ಹೋದರು, ನಾನೂ ಹೋದೆ. ಖಾರ ಹತ್ತಿ ಅವರ ಕೈ ಕೆಂಪಗೆ ಬಾತಿತ್ತು.

‘ನಾ ಹೇಳಿದ್ದು ತಪ್ಪಾತು’ ಎಂದರು ಹೊಸ್ತಿಲ ಹೊರಗೆ ನಿಂತು.

‘ದೇವರ ಮಳಿ ಆಪಾ. ನೀವೇನ ಮಾಡ್ತೀರಿ, ಬಿಡ್ರಿ. ಒಳಗ ಬರ್ರಿ, ಕೈಗೆ ಮಜ್ಜಿಗಿ ಹಚ್ತೇನಿ.’

‘ದೇವರದಲ್ಲವ್ವ, ನಂದು. ತಡೀಬೇಕಾಗಿತ್ತು.’

‘ಹೊಳ್ಳಿ ಅದನ್ನ ಯಾಕ ಆಡ್ತೀರಿ. ಕುಂದ್ರಿ.’

ಓಣಿಯವರೆಲ್ಲ ಹಾಗೆಯೇ ನಡೆದುಕೊಂಡರು. ಯಾರೂ ಒಂದು ಮಾತು ಅನ್ನಲಿಲ್ಲ. ಕಂಡಾಗ ಆರೋಗ್ಯ ಕೇಳುವರು, ಹಬ್ಬಕ್ಕೆ ಹೋಳಿಗೆ ಕಳಿಸುವರು. ಬೆಳಿಗ್ಗೆ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ಇದನ್ನು ನಾವು ದಯೆ ಎಂದುಕೊಂಡಿದ್ದೆವು. ಗುಡ್ಡಪ್ಪ ಕೂಡ ಅವರನ್ನು ಕಾಡಿಸುವುದು ಬಿಟ್ಟು ‘ನಮಸ್ಕಾರ್ರಿ’ ಎನ್ನತೊಡಗಿದ. ಆ ನಮಸ್ಕಾರ ಬಿದ್ದಾಗಲೆಲ್ಲ ಆಪಾ ಒಂದಿಷ್ಟು ಸಣ್ಣಗಾದಂತೆ ಕಾಣುತ್ತಿತ್ತು.

ತೊಯ್ದ ಕಾಯಿ ಮತ್ತೆ ಒಣಗಿ ಪೇಟೆಗೆ ಹೋದ ದಿನ ಆಪಾ ಬೆಳಿಗ್ಗೆಯೇ ನನ್ನನ್ನು ಎಬ್ಬಿಸಿದರು. ಪೇಟೆಗೆ ಹೋಗೋಣ ಎಂದರು. ಯಾಕೆ ಎಂದು ಕೇಳುವಷ್ಟರಲ್ಲಿ ಓಣಿ ದಾಟಿದ್ದರು. ದಲಾಲಿ ಅಂಗಡಿಯ ಮುಂದೆ ಕೆಂಪು ಗುಡ್ಡೆಗಳ ಸಾಲು, ನಡುವೆ ನೀಲವ್ವನ ಗುಡ್ಡೆ, ಅಲ್ಲಲ್ಲಿ ಸುಣ್ಣ ಸಿಡಿದಂತೆ ಬಿಳಿಚಿಕೊಂಡದ್ದು. ಆಪಾ ಹೋಗಿ ಅದರ ಪಕ್ಕದಲ್ಲಿ ನಿಂತರು. ಖರೀದಿದಾರರು ಬರುವರು, ಮುಷ್ಟಿ ತುಂಬ ಎತ್ತುವರು, ಒಂದು ಕಾಯಿ ಮುರಿದು ಮೂಸುವರು, ಒಗೆದು ಮುಂದಿನ ಗುಡ್ಡೆಗೆ ಹೋಗುವರು. ‘ಇದು ಯಾಕ ಹಿಂಗಾಗೈತಿ?’ ಎಂದು ಯಾರಾದರೂ ಕೇಳಿದರೆ ನೀಲವ್ವ ಬಾಯಿ ತೆರೆಯುವ ಮುನ್ನ ಆಪಾ, ‘ನನ್ನ ಮಾತು ಕೇಳಿ ಹರವಿದ್ಲು. ಮಳಿ ಬಂತು’ ಎನ್ನುವರು. ಮೆಣಸಿನ ಘಾಟಿಗೆ ಎಲ್ಲರೂ ಕೆಮ್ಮುತ್ತಿದ್ದ ಆ ಪೇಟೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಹಾಗೆ ಹೇಳುತ್ತ ನಿಂತದ್ದನ್ನು ನೋಡಲು ಮಂದಿ ಸೇರಿದರು. ನಾನು ಎರಡು ಗುಡ್ಡೆ ಆಚೆ ಸರಿದು, ಬೇರೆಯವರ ಕಾಯಿ ನೋಡಲು ಬಂದವಳಂತೆ ನಿಂತೆ.

ಕೊನೆಗೆ ನೀಲವ್ವನಿಗೆ ಸಹನೆ ತಪ್ಪಿತು.

‘ನೀವ್ಯಾಕ ಇಲ್ಲಿ ನಿಂತೀರಿ ಆಪಾ? ಮಂದಿ ನೋಡಾಕತ್ತಾರ. ಮನಿಗಿ ನಡೀರಿ.’

‘ನೀ ಹೇಳೂ ತನಕಾ ಹೋಗಂಗಿಲ್ಲ.’

‘ಏನ ಹೇಳ್ಲಿ?’ ನೀಲವ್ವನ ದನಿ ಏರಿತು. ‘ನೀವು ಹರವು ಅಂದ್ರಿ, ಹರವಿದೆ. ವರ್ಷ ದುಡದದ್ದು ನೀರಾಗ ಹೋತು. ನಿಮ್ಮಿಂದನ ಹೋತು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕಾಗಿತ್ತು, ಯಾಕ ಅನಲಿಲ್ಲ? ಇದನ್ನ ಅನ್ನಲೇನು? ಅಂದೆ. ಸಾಕೇನು?’

‘ಸಾಕವ್ವ’ ಎಂದರು ಆಪಾ. ‘ಗೊತ್ತಿಲ್ಲ ಅನಬೇಕಾಗಿತ್ತು.’

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬೇರೆ ಕಡೆ ನೋಡುತ್ತ ನಿಂತಳು. ಆಪಾ ಗುಡ್ಡೆಗೊಮ್ಮೆ ಕೈ ತಾಗಿಸಿ ಹೊರಟರು. ದಾರಿಯುದ್ದಕ್ಕೂ ಅವರ ನಡಿಗೆ ಹಗುರವಾಗಿತ್ತು. ನಾನು ಹಿಂದೆ ಉಳಿಯುತ್ತಿದ್ದೆ.

ಮಹಡಿಯ ಕೋಣೆಯಲ್ಲಿ ಕೂತ ಮೇಲೆ, ನಾನು ಕೇಳದೆಯೇ ಹೇಳಿದರು. ಎರಡನೇ ಟೇಬಲ್ಲಿನ ಮಾತು. ಎಲ್ಲಿ, ಯಾವಾಗ ಎಂದು ಹೇಳಲಿಲ್ಲ. ಒಮ್ಮೆ ಬೆಳಗಾಗುವ ಮುನ್ನ ಒಂದು ಕಣಿವೆಯ ಬಗ್ಗೆ ಕೇಳಿದ್ದರಂತೆ. ಆಗಿನ ಉಪಗ್ರಹಕ್ಕೆ ಕತ್ತಲಲ್ಲಿ ಶಾಖದ ಚಿತ್ರ ಒಂದೇ. ಕಣಿವೆ ಬೂದಾಗಿ, ಶುಭ್ರವಾಗಿ ಕಂಡಿತು. ಕ್ಲಿಯರ್ ಎಂದರು. ಬಿಸಿಲು ಬಿದ್ದ ಮೇಲೆ ಚಿತ್ರ ಬಂತು. ಕಣಿವೆ ತುಂಬ ಹಾಲು ಸುರಿದಂತೆ ಮೋಡ. ಅಲ್ಲಿ ಹೆಲಿಕಾಪ್ಟರ್ ಹೋಗಬೇಕಿತ್ತೋ, ಮಂದಿ ನಡೆದು ದಾಟಬೇಕಿತ್ತೋ ಅವರಿಗೆ ತಿಳಿಸಿರಲಿಲ್ಲ. ಓಡಿ ಹೋಗಿ ಫೋನ್ ಮಾಡಿದರು. ಆ ತುದಿಯವನು ಪೂರ್ತಿ ಕೇಳಿಸಿಕೊಂಡು ‘ನೋಟೆಡ್’ ಎಂದು ಇಟ್ಟ.

‘ಅಷ್ಟ. ಮುಂದ ನಿವೃತ್ತಿ ಆಗೂ ತನಕಾ ಯಾರೂ ಏನೂ ಹೇಳಲಿಲ್ಲ. ಪೇಪರ್ ನೋಡಿದೆ, ಏನಿಲ್ಲ. ಕೇಳಾಕ ಹೋದ್ರ ನಿನ್ನ ಕೆಲಸ ಅಲ್ಲ ಅಂದ್ರು. ಟೀಚರ್, ನೀಲವ್ವನ ಮಗಾನೂ ಅಂಥಾ ಕಣಿವಿಯಾಗ ಎಲ್ಲೋ ಅದಾನ. ಆಕಿ ಇವತ್ತ ಮಾರಿ ನೋಡಿ ಬೈದ್ಲಲ್ಲ, ನನಗ ಅಷ್ಟು ವರ್ಷ ಬೇಕಾಗಿದ್ದದ್ದು ಅದು. ಒಬ್ಬರಾದ್ರೂ ಬೈಬೇಕಾಗಿತ್ತು. ಇಲ್ಲಾ, ಏನೂ ಆಗಿಲ್ಲ ಅಂತ ಹೇಳಬೇಕಾಗಿತ್ತು.’

ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದರು. ಇನ್ನೂ ಚರ್ಮ ಸುಲಿಯುತ್ತಿತ್ತು.

ನಾನು ಏನೆಂದೆ? ‘ಇಟ್ಸ್ ಆಲ್ ರೈಟ್ ಆಪಾ. ಏನೂ ಆಗಿರಲಿಕ್ಕಿಲ್ಲ. ಆಗಿದ್ದರ ಹೇಳ್ತಿದ್ರು’ ಎಂದೆ. ಭುಜ ತಟ್ಟಿದೆ. ಹೊತ್ತಾಯಿತೆಂದು ಎದ್ದೆ.

ಅವರು ನನ್ನನ್ನು ನೋಡಿದರು. ಬೇಸರವಿರಲಿಲ್ಲ. ಎರಡನೇ ಟೇಬಲ್ಲಿನ ಮುಂದೆ ಆಯುಷ್ಯ ಕಳೆದವರಿಗೆ ಅಂಥ ಉತ್ತರ ಹೊಸದಲ್ಲ. ‘ಹೂಂ, ನಡೀರಿ’ ಎಂದರು. ಆಮೇಲೆ ಆ ಮಾತು ತೆಗೆಯಲೇ ಇಲ್ಲ.

ಮೆಟ್ಟಿಲು ಇಳಿಯುವಾಗಲೇ ನನಗೆ ತಿಳಿದಿತ್ತು, ‘ನೋಟೆಡ್’ ಎಂದವನಂತೆ ನಾನೂ ಫೋನ್ ಇಟ್ಟೆ ಎಂದು. ಹೊರಳಿ ಹತ್ತಬಹುದಿತ್ತು. ಎಷ್ಟು ಬೆಳಗುಗಳಲ್ಲಿ ಒಂದೇ ಕಟ್ಟೆಯ ಮೇಲೆ ಕೂತಿದ್ದೇವೆ. ಯಾವ ಕಣಿವೆ ಆಪಾ, ಯಾವ ವರ್ಷ, ಯಾರನ್ನು ಕೇಳಿದಿರಿ, ಇನ್ನು ಯಾರನ್ನು ಕೇಳಬಹುದು ಎನ್ನಬಹುದಿತ್ತು. ಚೆಂದದ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ. ಕೇಳಲು ಅಳುಕು. ಕೇಳಿದರೆ ಉತ್ತರದ ಭಾರ ನನ್ನ ಮೇಲೂ ಬೀಳುತ್ತಿತ್ತು.

ಈಗ ಅವರಿಲ್ಲ. ಯಾವುದೋ ಕಣಿವೆಯಲ್ಲಿ ಒಂದು ಬೆಳಿಗ್ಗೆ ಏನಾಯಿತೆಂದು ಬ್ಯಾಡಗಿಯಿಂದ ಒಬ್ಬರು ವಿಚಾರಿಸಬೇಕಾಗಿದೆ ಎಂದು ಬಲ್ಲವಳು ನಾನೊಬ್ಬಳೇ. ಆ ಕಣಿವೆಯ ಹೆಸರು ನನಗೆ ಗೊತ್ತಿಲ್ಲ.